ಅಲುಗಿದರೆ ನಿಲ್ಲಬೇಕು

ನನ್ನ ಭಾವ ಲಿಫ್ಟ್ ರಿಪೇರಿಯವರು. ಅಕ್ಕನನ್ನು ಮದುವೆಯಾದ ಹೊಸದರಿಂದ ನಾನು ಅವರನ್ನು ಕಿಚಾಯಿಸುತ್ತಿದ್ದದ್ದು ಒಂದೇ ಮಾತಿನಲ್ಲಿ: "ಊರಿನವರನ್ನೆಲ್ಲ ಹತ್ತಿಸಿ ಇಳಿಸ್ತೀರ, ನಮ್ಮಕ್ಕನ್ನ ಮಾತ್ರ ಹತ್ತಿಸಿ ಅಲ್ಲೇ ಬಿಟ್ಬಿಟ್ರಲ್ಲ ಭಾವ!" ಅವರು ನಗುತ್ತಿದ್ದರು, ಅಕ್ಕನೂ ನಗುತ್ತಿದ್ದಳು. ಅಕ್ಕನ ಮಂಡಿ ಹೋದ ಮೇಲೆ ನಾನು ಆ ತಮಾಷೆ ಬಿಟ್ಟೆ.

ಅವರ ಮನೆ ಇರುವುದು ಒಂದು ಹಳೆಯ ಕಟ್ಟಡದ ತಲೆಯ ಮೇಲೆ. ಕೆಳಗೆ ಅಂಗಡಿಗಳು, ನಡುವೆ ಆಫೀಸುಗಳು, ಕೊನೆಯ ಮಹಡಿಯಲ್ಲಿ ಕಟ್ಟಡದ ಯಜಮಾನರ ಸಂಸಾರ. ಅದರ ಮೇಲೆ ತಾರಸಿ. ತಾರಸಿಯಲ್ಲಿ ಲಿಫ್ಟಿನ ಮೋಟಾರು ಇರುವ ಕೋಣೆ, ಅದಕ್ಕೆ ಅಂಟಿಕೊಂಡು ಇನ್ನೊಂದು ಕೋಣೆ. ಲಿಫ್ಟು ಕೆಟ್ಟರೆ ಕರೆದ ಕೂಡಲೇ ಸಿಗಬೇಕೆಂದು ಆ ಇನ್ನೊಂದು ಕೋಣೆಯನ್ನು ಭಾವನಿಗೆ ಬಿಟ್ಟುಕೊಟ್ಟಿದ್ದರು. ಲಿಫ್ಟು ಬರುವುದು ಯಜಮಾನರ ಮಹಡಿವರೆಗೆ ಮಾತ್ರ. ಅಲ್ಲಿಂದ ಮೇಲಕ್ಕೆ ಕಬ್ಬಿಣದ ಕಡಿದಾದ ಮೆಟ್ಟಿಲು; ಒಬ್ಬರು ಹತ್ತುತ್ತಿದ್ದರೆ ಇಳಿಯುವವರು ಹಿಂದಕ್ಕೆ ಹೋಗಿ ಕಾಯಬೇಕು. ಅಕ್ಕ ಬಿದ್ದದ್ದು ಆ ಮೆಟ್ಟಿಲ ಮೇಲೆಯೇ, ಒದ್ದೆ ಬಟ್ಟೆಯ ಬಕೆಟ್ ಹಿಡಿದುಕೊಂಡು. ಆಸ್ಪತ್ರೆಯಿಂದ ವಾಪಸು ಬಂದಾಗ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಭಾವ ಹಿಂದೆ, ನಾನು ಮುಂದೆ, ಹೊತ್ತು ಮೇಲಕ್ಕೆ ತಂದೆವು. ಕುರ್ಚಿಯ ಕಾಲು ಕಂಬಿಗೆ ತಾಗಿದಾಗಲೆಲ್ಲ ಅಕ್ಕ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದಳು. ಆಮೇಲೆ ಅವಳು ಕೆಳಗಿಳಿಯಲಿಲ್ಲ.

ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ಹಗ್ಗ, ಸುತ್ತಲೂ ಎದೆಯೆತ್ತರದ ಗೋಡೆ. ಅಷ್ಟೇ ಅವಳ ಊರು. ಗೋಡೆಗೆ ಆತು ಬೀದಿ ನೋಡುತ್ತಾ ನಿಲ್ಲುತ್ತಿದ್ದಳು. "ಯಾರ್ಯಾರ ತಲೆ ಬೋಳಾಗ್ತಿದೆ ಅಂತ ಬೇಕಿದ್ರೆ ನನ್ನ ಕೇಳು, ಮುಖ ಮಾತ್ರ ಒಬ್ಬರದ್ದೂ ಗೊತ್ತಿಲ್ಲ" ಎನ್ನುತ್ತಿದ್ದಳು. ಕೋಣೆಯ ಗೋಡೆಯಾಚೆ, ಮೋಟಾರಿನ ಪಕ್ಕ, ಲಿಫ್ಟನ್ನು ನಡೆಸುವ ಸ್ವಿಚ್ಚುಗಳಾದ ರಿಲೇಗಳು ಇಡೀ ದಿನ ಟಕ್ ಟಕ್ ಎನ್ನುತ್ತಿದ್ದವು. ಆ ಸದ್ದಿನಲ್ಲೇ ಲಿಫ್ಟು ಯಾವ ಮಹಡಿಯಲ್ಲಿದೆ ಎಂದು ಅವಳು ಹೇಳಬಲ್ಲವಳಾಗಿದ್ದಳು. ಏನು ಪ್ರಯೋಜನ! ಜಗತ್ತೇ ಇವಳ ಕಿವಿಯ ಪಕ್ಕದಲ್ಲಿ ಹತ್ತಿ ಇಳಿಯುತ್ತಿತ್ತು, ಇವಳು ಇದ್ದಲ್ಲೇ ಇದ್ದಳು.

ಅಕ್ಕನಿಗೆ ಬೇಕಾಗಿದ್ದದ್ದು ಒಂದೇ. ಕಟ್ಟಡದ ನೆಲಮಹಡಿಯಲ್ಲಿ, ಅಂಗಡಿಗಳ ಪಕ್ಕ, ಒಂದು ಕೋಣೆ ಇತ್ತು. ಅದರ ಬಾಗಿಲು ನೇರ ಬೀದಿಗೆ ತೆರೆಯುತ್ತಿತ್ತು. ಹೊಸ್ತಿಲು ದಾಟಿದರೆ ಸಾಕು, ಹತ್ತಲು ಇಳಿಯಲು ಒಂದು ಮೆಟ್ಟಿಲೂ ಇಲ್ಲ. ಅಲ್ಲಿ ಯಜಮಾನರ ಹಳೆಯ ಸಾಮಾನು ತುಂಬಿತ್ತು, ನಡುವೆ ಗೋಣಿತಟ್ಟು ಹೊದ್ದು ಒಂದು ಪಿನ್‌ಬಾಲ್ ಮಷೀನು ನಿಂತಿತ್ತು. ಇಳಿಜಾರಿನ ಮೇಜು, ಮೇಲೆ ಗಾಜು, ಗಾಜಿನಡಿ ಉಕ್ಕಿನ ಗುಂಡು. ಸ್ಪ್ರಿಂಗ್ ಎಳೆದು ಬಿಟ್ಟರೆ ಗುಂಡು ಮೇಲಕ್ಕೆ ಚಿಮ್ಮಿ, ಅಲ್ಲಿನ ಗೂಟಗಳಿಗೆ ಬಡಿದು, ಗಂಟೆ ಬಾರಿಸಿ, ಅಂಕ ಗಳಿಸಿಕೊಂಡು ಉರುಳಿ ಬರುತ್ತದೆ. ಕೆಳಗೆ ಬೀಳದಂತೆ, ಬದಿಯ ಬಟನ್ ಒತ್ತಿ, ಮಷೀನಿನದೇ ಎರಡು ಪುಟ್ಟ ಕೈಗಳಿಂದ ಅದನ್ನು ಮತ್ತೆ ಮೇಲಕ್ಕೆ ಹೊಡೆಯಬೇಕು. ಯಜಮಾನರ ತಂದೆ ಅಲ್ಲಿ ಟೀ ಅಂಗಡಿ ಇಟ್ಟಿದ್ದ ಕಾಲದಲ್ಲಿ ತಂದಿಟ್ಟದ್ದಂತೆ. ಯಜಮಾನರು ಓದು ಬಿಟ್ಟು ಅದಕ್ಕೇ ಅಂಟಿಕೊಂಡಾಗ ತಂದೆ ಪ್ಲಗ್ಗು ಕಿತ್ತು ಬೀಗ ಜಡಿದಿದ್ದರಂತೆ. ಈಗ ಮಕ್ಕಳಿಗೆ ವ್ಯವಹಾರ ಒಪ್ಪಿಸಿ ಕೈ ಖಾಲಿಯಾಗಿದ್ದವರಿಗೆ ಅದರ ನೆನಪು ಬಂತು.

"ನಿನ್ನ ಲಿಫ್ಟಲ್ಲಿರೋ ಸಾಮಾನೇ ಇದರಲ್ಲೂ ಇರೋದು" ಎಂದರು ಭಾವನಿಗೆ. "ಸರಿ ಮಾಡು. ಇದನ್ನ ನಮ್ಮನೆಗೆ ಸಾಗಿಸಿದ ದಿನ ಈ ಕೋಣೆ ನಿಮ್ಮದು."

ಇದು ಮೂಗಿಗೆ ತುಪ್ಪ ಸವರುವ ಮಾತು ಎಂದು ನಾನು ಅಂದೇ ಹೇಳಿದೆ. ಅಕ್ಕ ಕೇಳಲಿಲ್ಲ. ಮುಂದಿನ ವಾರ ನಾನು ಹೋದಾಗ, "ಕೆಳಗಿನ ಕಿಟಕಿ ಅಳತೆ ತಗೊಂಡು ಬಾರೇ" ಎಂದಳು. ನಾನು ದರ್ಜಿ, ಅಳತೆ ಟೇಪು ಯಾವಾಗಲೂ ಚೀಲದಲ್ಲೇ ಇರುತ್ತದೆ. ಬೈದುಕೊಂಡೇ ಹೋಗಿ ಅಳೆದೆ, ಬೈದುಕೊಂಡೇ ಹಳದಿ ಹೂವಿನ ಪರದೆ ಹೊಲಿದೆ.

ಅಳತೆಗೆ ಹೋದಾಗ ಭಾವ ಕಾಣಲಿಲ್ಲ, ಅವರ ಕಾಲು ಕಂಡಿತು. ಮಷೀನಿನ ಮೇಜನ್ನು ಕಾರಿನ ಬಾನೆಟ್ಟಿನಂತೆ ಎತ್ತಿ ನಿಲ್ಲಿಸಿ, ಸೊಂಟದವರೆಗೆ ಒಳಗೆ ತೂರಿದ್ದರು. ಒಳಗೆ ತಂತಿಗಳ ಕಾಡು. ತಂತಿಗೆ ಸುತ್ತಿದ್ದ ಬಟ್ಟೆಯನ್ನು ಇಲಿಗಳು ಕಿತ್ತು, ಮೂಲೆಯಲ್ಲಿ ಬೆಚ್ಚನೆ ಗೂಡು ಕಟ್ಟಿಕೊಂಡು, ಅದನ್ನೂ ಬಿಟ್ಟು ಹೋಗಿದ್ದವು. "ಅವಕ್ಕಾದ್ರೂ ಕೆಳಗಡೆ ಮನೆ ಸಿಕ್ತಲ್ಲ" ಎಂದೆ. ಒಳಗಿನಿಂದ ನಗು ಕೇಳಿಸಿತು.

ಬೇರೆ ಯಾರೇ ಆಗಿದ್ದರೂ ಆ ಮಷೀನನ್ನು ಗುಜರಿಗೆ ಹಾಕುತ್ತಿದ್ದರು. ಭಾವನಿಗೆ ಮಾತ್ರ ಅದರೊಳಗೆ ಹಳೆಯ ಪರಿಚಯದವರು ಸಿಕ್ಕಂತಾಗಿತ್ತು: ಅದೇ ಕಾಯಿಲ್, ಅದೇ ರಿಲೇ, ಅದೇ ಬೆಳ್ಳಿಯ ಚುಕ್ಕೆಯಂಥ ಸಂಪರ್ಕಗಳು. ಆ ಚುಕ್ಕೆಗಳಿಗೆ ಅರ ಹಾಕಬಾರದಂತೆ, ತೇದುಹೋಗುತ್ತವಂತೆ. ಎರಡರ ನಡುವೆ ಬಿಳಿ ಕಾಗದದ ತುಂಡಿಟ್ಟು ಮೆಲ್ಲಗೆ ಎಳೆಯುತ್ತಿದ್ದರು, ಕಾಗದದ ಮೇಲೆ ಕಪ್ಪು ಗೆರೆ ಮೂಡುವುದು ನಿಲ್ಲುವವರೆಗೆ. ಅಂಕ ತೋರಿಸುವ ಗಾಲಿಗಳು ಹಳೆಯ ಎಣ್ಣೆಯಲ್ಲಿ ಸಿಕ್ಕಿಹಾಕಿಕೊಂಡಿದ್ದವು. ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದರು. ಸುಟ್ಟ ಕಾಯಿಲ್‌ಗಳಿಗೆ ತಾವೇ ತಂತಿ ಸುತ್ತಿದರು. ರಬ್ಬರುಗಳು ಬೆಲ್ಲದ ಪಾಕದಂತೆ ಅಂಟಾಗಿದ್ದವು. ಎದುರಿನ ಗಾಜಿನ ಮೇಲೆ ಸರ್ಕಸ್ಸಿನ ಚಿತ್ರ, ಉಯ್ಯಾಲೆಯ ಮೇಲೊಬ್ಬ ಹುಡುಗಿ. ಅವಳ ಮುಖದ ಬಣ್ಣ ಉದುರಿ ಅಲ್ಲಿ ಬರಿಯ ಬೆಳಕು ತೂರಿ ಬರುತ್ತಿತ್ತು. ಯಾರಿಂದಲಾದರೂ ಬರೆಸಿ ಎಂದರೆ ಭಾವ ಒಪ್ಪಲಿಲ್ಲ. "ಮುಖ ಹೆಂಗಿತ್ತೋ ನಮಗೆ ಗೊತ್ತಿಲ್ಲ. ಯಾರದ್ದೋ ಮುಖ ತಂದು ಅಂಟಿಸೋದಾ?"

ಸಂಜೆ ಮೇಲೆ ಹೋಗುವಾಗ ಡಬ್ಬಿಯೊಂದರಲ್ಲಿ ತಿರುಪು, ಬಲ್ಬಿನ ಹಿಡಿ, ತಗಡಿನ ಪಟ್ಟಿ ಹಾಕಿಕೊಂಡು ಹೋಗುತ್ತಿದ್ದರು. ಅಕ್ಕ ಅವನ್ನು ಮಡಿಲಲ್ಲಿ ಹರಡಿಕೊಂಡು ಹಳೆ ಬನಿಯನ್ನಿನಲ್ಲಿ ತಿಕ್ಕುತ್ತಿದ್ದಳು. ಅವಳು ಆ ಮಷೀನನ್ನು ಕಣ್ಣಿಂದ ನೋಡಿದವಳಲ್ಲ. ಆದರೆ ಅದರ ಅರ್ಧ ಹೊಳಪು ಅವಳ ಕೈಯಿಂದ ಬಂದದ್ದು. ತಿಕ್ಕುತ್ತಾ ತಿಕ್ಕುತ್ತಾ ಒಲೆ ಎಲ್ಲಿ, ಮಂಚ ಎಲ್ಲಿ ಎಂದು ಮಾತಾಡುತ್ತಿದ್ದಳು. "ಬಾಗಿಲ ಹತ್ರ ಒಂದು ಸ್ಟೂಲು. ಅಷ್ಟೇ ಸಾಕು. ಹೋಗೋರು ಬರೋರನ್ನ ಎದುರಿಂದ ನೋಡ್ತೀನಿ."

ಮಷೀನು ಬೆಳಗಿತು, ಗುಂಡು ಓಡಿತು, ಗಂಟೆ ಹೊಡೆಯಿತು. ಯಜಮಾನರು ತೋಳು ಮಡಚಿಕೊಂಡು ಬಂದರು. ಸ್ಪ್ರಿಂಗ್ ಎಳೆದು ಬಿಟ್ಟರು, ಸೊಂಟದಿಂದ ಮಷೀನಿಗೆ ಸಣ್ಣದೊಂದು ತಳ್ಳು ಕೊಟ್ಟರು. ದೀಪ ಆರಿತು. ಪುಟ್ಟ ಕೈಗಳು ಸತ್ತು ಬಿದ್ದವು. ಗುಂಡು ಸುಮ್ಮನೆ ಉರುಳಿ ಗುಂಡಿಗೆ ಬಿತ್ತು. ಇನ್ನೊಮ್ಮೆ ಆಡಿದರು, ಮತ್ತೆ ಹಾಗೇ. ಕೊನೆಗೆ ಬದಿಯ ಬಟನ್ನನ್ನು ಜೋರಾಗಿ ಒತ್ತಿದ್ದಕ್ಕೂ ಸತ್ತಿತು.

"ಏನಯ್ಯಾ ಇದು, ಸರಿ ಮಾಡಿದ್ಯೋ ಕೆಡಿಸಿದ್ಯೋ?"

ಕೆಟ್ಟಿರಲಿಲ್ಲ. ಅಂಥ ಮಷೀನಿನೊಳಗೆ ಒಂದು ತೂಗುಗುಂಡು ಇರುತ್ತದೆ, ಅದರ ಸುತ್ತ ಒಂದು ಬಳೆ. ಆಡುವವರು ಮೋಸ ಮಾಡಲೆಂದು ಮಷೀನನ್ನು ಅಲುಗಿಸಿದರೆ ತೂಗುಗುಂಡು ಬಳೆಗೆ ತಾಗಿ ಆಟ ನಿಲ್ಲುತ್ತದೆ. ಎಷ್ಟು ಅಲುಗಿದರೆ ನಿಲ್ಲಬೇಕು ಎಂಬುದು ರಿಪೇರಿಯವನ ಕೈಯಲ್ಲಿದೆ: ಒಂದು ತಿರುಪು ಸಡಿಲಿಸಿ ಗುಂಡನ್ನು ಮೇಲೆ ಕೆಳಗೆ ಸರಿಸಿದರಾಯಿತು. ಭಾವ ಲಿಫ್ಟಿನವರು. ಲಿಫ್ಟಿನಲ್ಲಿ ಏನೇ ಒಂದು ಚೂರು ಹೆಚ್ಚುಕಮ್ಮಿಯಾದರೂ ಎಲ್ಲ ನಿಲ್ಲಬೇಕು, ಇಲ್ಲದಿದ್ದರೆ ಜನ ಸಾಯುತ್ತಾರೆ. ಅದೇ ಲೆಕ್ಕದಲ್ಲಿ ಗುಂಡನ್ನು ಬಳೆಗೆ ಕೂದಲೆಳೆಯಷ್ಟು ದೂರದಲ್ಲಿ ಕೂರಿಸಿದ್ದರು.

"ಅಲುಗಿದ್ರೆ ನಿಲ್ಲಬೇಕು ಸಾರ್" ಎಂದರು. "ನಿಲ್ಲದೇ ಇರೋ ಮಷೀನನ್ನ ನಂಬಬಾರದು."

"ಇದೇನು ಜನ ಹೊರೋ ಲಿಫ್ಟಾ? ಆಟ ಕಣಯ್ಯಾ! ನಾವು ಒದ್ದು ಗುದ್ದಿ ಆಡಿದ ಮಷೀನು ಇದು." ಯಜಮಾನರು ಮುಖ ಊದಿಸಿಕೊಂಡು ಹೊರಟರು.

ಭಾವ ಮೂರ್ನಾಲ್ಕು ದಿನ ಆ ತಿರುಪನ್ನು ಮುಟ್ಟಲಿಲ್ಲ. ಮುಟ್ಟಿಸಿದವಳು ಅಕ್ಕ. ಅವಳು ಜೋರು ಮಾಡುವವಳಲ್ಲ, ಜೋರು ಮಾಡುವುದೆಲ್ಲ ನನ್ನ ಪಾಲಿಗೆ ಬಂದಿದೆ. ಬಟ್ಟೆ ಮಡಚುತ್ತಾ ಹೇಳಿದಳು: "ರೀ, ಸ್ವಲ್ಪ ಸಡಿಲ ಬಿಡಿ. ಅದು ಆಟದ ಸಾಮಾನು. ನನಗೋಸ್ಕರ ಬಿಡಿ."

ಬಿಟ್ಟರು. ಯಜಮಾನರು ಬಂದು ತಳ್ಳಿದರು, ಗುದ್ದಿದರು, ಮೊಣಕಾಲಿನಿಂದ ಎತ್ತಿದರು. ಮಷೀನು ನಡೆಯುತ್ತಲೇ ಇತ್ತು. ಅವರ ಮುಖ ಹುಡುಗನ ಮುಖವಾಯಿತು. ನಾನೇ ನೋಡಿದೆ, ಸುಳ್ಳೇಕೆ ಹೇಳಲಿ, ನೋಡಲು ಚೆನ್ನಾಗಿತ್ತು.

ಚೆನ್ನಾಗಿದ್ದದ್ದೇ ಮುಳುವಾಯಿತು. ಮಷೀನು ಮೇಲೆ ಹೋಗಲಿಲ್ಲ. ಯಜಮಾನರೇ ಕೆಳಗೆ ಬರತೊಡಗಿದರು. ಬೆಳಗಿನ ತಿಂಡಿಯಾದರೆ ಅಲ್ಲಿ, ಸಂಜೆಯ ಟೀ ಅಲ್ಲಿ. ಹಳೆಯ ಗೆಳೆಯರು ಸೇರಿದರು, ಕುರ್ಚಿ ಬಂತು, ಫ್ಯಾನು ಬಂತು. ಕೋಣೆಯ ವಿಷಯ ಭಾವ ಬಾಯಿಬಿಟ್ಟು ಕೇಳಿದ್ದಕ್ಕೆ, "ಇದರ ಜಾಗ ಇದೇ ಕಣಯ್ಯಾ. ಮನೆಗೆ ತಗೊಂಡು ಹೋದ್ರೆ ನಮ್ಮನೆಯವಳು ಗಲಾಟೆ ಅಂತಾಳೆ. ನೋಡೋಣ, ಅವಸರ ಏನು" ಎಂದರು. ಅವಸರವಂತೆ! ಆ ಗಂಟೆಯ ಸದ್ದು ಲಿಫ್ಟಿನ ಬಾವಿಯೊಳಗಿಂದ ಏರಿ ನೇರ ಅಕ್ಕನ ಕೋಣೆಗೆ ಬರುತ್ತಿತ್ತು. ಯಜಮಾನರು ಎಷ್ಟು ಅಂಕ ಹೊಡೆದರೆಂದು ಅವಳು ಅಡುಗೆ ಮಾಡುತ್ತಾ ಕೇಳಬೇಕಾಗಿತ್ತು.

ನನ್ನ ಸಿಟ್ಟು ನೆತ್ತಿಗೇರಿತು. "ಒಂದು ತಂತಿ ಕಿತ್ತುಬಿಡಿ ಭಾವ. ಯಾರಿಗೆ ಗೊತ್ತಾಗುತ್ತೆ?"

"ಕೆಟ್ಟಿದ್ದನ್ನ ಸರಿ ಮಾಡೋಕೆ ಬರುತ್ತೆ. ಸರಿ ಇದ್ದದ್ದನ್ನ ಕೆಡಿಸೋಕೆ ಬರಲ್ಲಮ್ಮಾ" ಎಂದರು. ಆಮೇಲೆ, "ಒಂದು ಗಮನಿಸಿದ್ಯಾ?" ಎಂದರು. "ಮೊದಲು ಯಜಮಾನ್ರು ಲಿಫ್ಟಿನ ಗೇಟನ್ನ ನಿಧಾನಕ್ಕೆ ಎಳೀತಿದ್ರು. ಈಗ ಸೊಂಟದಲ್ಲಿ ತಳ್ತಾರೆ. ಅಲುಗಿಸಿದ್ರೂ ನಡೆಯುತ್ತೆ ಅಂತ ಮೈಗೆ ಗೊತ್ತಾಗ್ಬಿಟ್ಟಿದೆ. ನಾನು ಆ ತಿರುಪು ಮುಟ್ಟಬಾರದಿತ್ತು." ಆ ಮನುಷ್ಯನಿಗೆ ಹೆಂಡತಿಗಿಂತ ಗೇಟಿನ ಚಿಂತೆ ಎಂದು ನಾನು ಎದ್ದು ಬಂದೆ.

ಗೇಟಿನ ಚಿಂತೆ ನಿಜವಾಯಿತು. ಆ ದಿನ ನಾನು ಅಕ್ಕನಿಗೆ ರವಿಕೆ ಕೊಡಲು ಹೋಗಿದ್ದೆ. ಯಜಮಾನರು ಭಾವನನ್ನು ಮಷೀನಿಗೆ ಹೊಸ ರಬ್ಬರು ತರಲು ಕಳಿಸಿದ್ದರು. ಭಾವನ ಫೋನು ಗೋಡೆಯ ಚಾರ್ಜರಿನಲ್ಲೇ ಉಳಿದಿತ್ತು. ರವಿಕೆಯ ತೋಳು ನೋಡುತ್ತಿದ್ದ ಅಕ್ಕ ತಟ್ಟನೆ ತಲೆಯೆತ್ತಿದಳು.

"ನಿಂತೋಯ್ತು."

"ಏನು?"

"ಲಿಫ್ಟು. ಮಧ್ಯದಲ್ಲಿ ನಿಂತಿದೆ."

ಆಗ ಕೂಗು ಕೇಳಿಸಿತು. ಯಜಮಾನರು ಆಟಕ್ಕೆ ಹೊರಟವರು. ಲಿಫ್ಟು ನಿಧಾನವಾಯಿತೆಂದು ಒಳಗಿನ ಜಾಲರಿ ಗೇಟಿಗೆ ಸೊಂಟದಿಂದ ಗುದ್ದಿದ್ದರು. ಗೇಟು ತನ್ನ ಹಳಿಯಿಂದ ಜಿಗಿದು ಸಿಕ್ಕಿಕೊಂಡಿತ್ತು. ಗೇಟು ಮುಚ್ಚಿಲ್ಲವೆಂದು ಲಿಫ್ಟು ನಿಂತುಬಿಟ್ಟಿತ್ತು. ಅವರ ಮನೆಯವರು ಯಾರೂ ಇರಲಿಲ್ಲ.

ಅಕ್ಕ ಗೋಡೆ ಹಿಡಿದು ಮೋಟಾರಿನ ಕೋಣೆಗೆ ಹೋಗಿ, ಹಗ್ಗಗಳು ಇಳಿಯುವ ಕಿಂಡಿಯ ಪಕ್ಕ ನೆಲದಲ್ಲಿ ಕೂತಳು. ಕೆಳಗಿನಿಂದ ದಬದಬ ಬಡಿಯುವ ಸದ್ದು.

"ಅಲುಗಿಸಬೇಡಿ ಯಜಮಾನ್ರೇ! ಅಲುಗಿಸಿದ್ರೆ ಇನ್ನೂ ಸಿಕ್ಕೊಳ್ಳುತ್ತೆ!"

"ಯಾರಮ್ಮಾ ಅದು? ಕತ್ತಲಾಗಿದೆ... ಉಸಿರು ಕಟ್ತಿದೆ. ಬಿಟ್ಟು ಹೋಗಬೇಡಮ್ಮಾ!"

"ಇಲ್ಲೇ ಇದ್ದೀನಿ. ನಾನೆಲ್ಲಿಗೆ ಹೋಗ್ತೀನಿ?"

ಕುಹಕವಿರಲಿಲ್ಲ ಅವಳ ದನಿಯಲ್ಲಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಡಿತ ನಿಂತಿತು.

ಆಮೇಲೆ ಅವಳು ನನಗೆ ಹೇಳಿದ ಹಾಗೆ ನಾನು ಮಾಡಿದೆ. ಮೊದಲು ಮೇನ್ ಸ್ವಿಚ್ಚು ಇಳಿಸಿದೆ. ಆಮೇಲೆ ಬ್ರೇಕಿನ ಹಿಡಿಯನ್ನು ಚೂರು ಚೂರೇ ಎತ್ತಿದೆ. ಅವಳು ಮೋಟಾರಿನ ದೊಡ್ಡ ಚಕ್ರವನ್ನು ಎರಡು ಕೈಯಲ್ಲೂ ಹಿಡಿದು ತಿರುಗಿಸಿದಳು. ಒಬ್ಬರೇ ಇರುವ ಲಿಫ್ಟಿಗಿಂತ ಆಚೆ ಬದಿಯ ಎದುರುತೂಕವೇ ಭಾರ, ಆದ್ದರಿಂದ ಲಿಫ್ಟು ತಾನಾಗಿ ಮೇಲಕ್ಕೇ ಬರುತ್ತದೆ. ಓಡದಂತೆ ಹಿಡಿದುಕೊಳ್ಳಬೇಕು ಅಷ್ಟೇ. ಇಷ್ಟು ಕಾಲ ಆ ಗೋಡೆಯ ಪಕ್ಕ ಬದುಕಿ ಅವಳು ಕಲಿತದ್ದು. ನಾನು ಯಜಮಾನರ ಮಹಡಿಗೆ ಇಳಿದು ಬಾಗಿಲು ತೆಗೆದಾಗ ಯಜಮಾನರ ಅಂಗಿ ಬೆವರಿನಲ್ಲಿ ಮೈಗಂಟಿತ್ತು. ಪಾಪ ಅನ್ನಿಸಿತು, ನನಗೂ ಅನ್ನಿಸಿತು.

ಮರುದಿನವೇ ಅಪ್ಪಣೆಯಾಯಿತು: ಇನ್ನು ಆಟಕ್ಕೆಂದು ಲಿಫ್ಟು ಹತ್ತಿ ಇಳಿಯುವುದು ಬೇಡ, ಮಷೀನನ್ನು ಮನೆಗೇ ಸಾಗಿಸಿ. ಭಾವ ಗೇಟು ಸರಿ ಮಾಡಿ, ಮಷೀನಿನ ಕಾಲು ಬಿಚ್ಚಿ, ತಲೆ ಬಿಚ್ಚಿ, ಲಿಫ್ಟಿನಲ್ಲಿ ಮೇಲಕ್ಕೆ ತಂದು ಯಜಮಾನರ ಹಜಾರದಲ್ಲಿ ಮತ್ತೆ ಜೋಡಿಸಿದರು. ಕೆಳಗಿನ ಕೋಣೆ ಖಾಲಿ! ನಾನು ಪರದೆಗೆ ಇಸ್ತ್ರಿ ಹಾಕಿ ತಂದೆ. ಅಕ್ಕ ಪಾತ್ರೆಗಳನ್ನು ಕಾಗದದಲ್ಲಿ ಸುತ್ತುತ್ತಿದ್ದಳು.

ಯಜಮಾನರು ಕಬ್ಬಿಣದ ಮೆಟ್ಟಿಲು ಹತ್ತಿ ಬಂದರು, ಅವರ ಜೀವಮಾನದಲ್ಲೇ ಮೊದಲ ಸಲ. ಕೈಯಲ್ಲಿ ಹಣ್ಣಿನ ಬುಟ್ಟಿ.

"ತಾಯೀ, ನೀವು ಇಲ್ಲಿದ್ದದ್ದಕ್ಕೆ ನಾನು ಉಳಿದೆ" ಎಂದರು. "ಎಂಥಾ ಗಾಳಿ ಇಲ್ಲಿ! ಪುಣ್ಯವಂತರು ನೀವು." ಕಾಗದದಲ್ಲಿ ಸುತ್ತಿದ ಪಾತ್ರೆಗಳ ಮೇಲೆ ಕಣ್ಣು ಬಿತ್ತು. "ಅದೇನು, ಹೊರಡೋ ಯೋಚನೆನಾ? ಬೇಡಮ್ಮಾ. ನೀವು ಕೆಳಗೆ ಹೋದ್ರೆ ನನ್ನ ಗತಿ ಏನು? ಇವನು ಹೊರಗಡೆ ಹೋಗಿರ್ತಾನೆ, ನೀವಾದ್ರೆ ಯಾವಾಗ್ಲೂ ಇರ್ತೀರ. ನಿಮ್ಮ ಧೈರ್ಯದ ಮೇಲೇ ಇನ್ನು ನಾನು ಲಿಫ್ಟು ಹತ್ತೋದು. ಇಲ್ಲೊಂದು ಗಂಟೆ ಹಾಕಿಸ್ತೀನಿ. ನಾನು ಒತ್ತಿದ್ರೆ ನೀವೊಂದು ಮಾತು ಕೂಗಿ ಸಾಕು."

ಕೆಳಗಿನ ಕೋಣೆಗೆ ಬೀಗ ಹಾಕಿಸಿ ಬಂದಿದ್ದರು. ಹೊಗಳಿ ಅಟ್ಟಕ್ಕೇರಿಸುವುದು ಎಂದರೆ ಇದೇ ಇರಬೇಕು. ನಾನು ಬಾಯಿ ತೆರೆದೆ. ಅಕ್ಕ ನನ್ನ ಮೊಣಕೈ ಹಿಡಿದು ಒತ್ತಿದಳು. ಭಾವ ನೆಲ ನೋಡುತ್ತಾ ನಿಂತಿದ್ದರು. ಅಂದು ಅವರ ಮೇಲೆ ನನಗೆ ಬಂದ ಸಿಟ್ಟು ಯಜಮಾನರ ಮೇಲೂ ಬರಲಿಲ್ಲ.

ಮುಂದಿನದ್ದು ಅಕ್ಕ ಹೇಳಿದ್ದು. ಭಾವ ಯಜಮಾನರ ಮನೆಯಿಂದ ತಂತಿ ಎಳೆದು ತಂದು, ಮಂಚದ ತಲೆದೆಸೆಯ ಗೋಡೆಗೆ ಮೊಳೆ ಹೊಡೆದು ಗಂಟೆ ಕೂರಿಸಿದರು. ಕೆಳಗಿನಿಂದ ಯಜಮಾನರು ಒತ್ತಿ ನೋಡಿದರು. ಟ್ರಿಣ್ ಎಂದಿತು. ಭಾವ ತಮಗೇ ತಿಳಿಯದ ಹಾಗೆ, "ಸದ್ದು ಚೆನ್ನಾಗಿದೆ" ಎಂದರಂತೆ.

ಅಕ್ಕ ಎದ್ದಳು. ಹೊರಗೆ ಬಂದು ಕಬ್ಬಿಣದ ಮೆಟ್ಟಿಲ ತುದಿಯಲ್ಲಿ ಕೂತಳು. ಕೂತುಕೊಂಡೇ, ಎರಡು ಕೈ ಊರಿ, ಮೈಯನ್ನು ಒಂದೊಂದೇ ಮೆಟ್ಟಿಲಿಗೆ ಇಳಿಸಿದಳು, ನಡೆಯಲು ಬಾರದ ಮಗು ಇಳಿಯುವ ಹಾಗೆ. ಭಾವ ಹಿಂದಿನಿಂದ, "ಏನೇ ಇದು, ಬೀಳ್ತೀಯ ಕಣೇ" ಎನ್ನುತ್ತಿದ್ದರು. ಸೀರೆ ಕಂಬಿಗೆ ಸಿಕ್ಕಿ ಹರಿಯಿತು. ಕೊನೆಯ ಮೆಟ್ಟಿಲಲ್ಲಿ ಉಸಿರು ತೆಗೆದುಕೊಂಡು, ಗೋಡೆ ಹಿಡಿದು ಎದ್ದು, ಯಜಮಾನರ ತೆರೆದ ಬಾಗಿಲಲ್ಲಿ ನಿಂತಳು. ಅಲ್ಲಿ ದೀಪ ಹಚ್ಚಿಕೊಂಡು ಮಷೀನು ನಿಂತಿತ್ತು. ಉಯ್ಯಾಲೆಯ ಹುಡುಗಿ, ಮುಖವಿದ್ದಲ್ಲಿ ಬೆಳಕು. ಅವಳು ಅದನ್ನು ನೋಡಿದ್ದು ಅದೇ ಮೊದಲು.

"ಇಷ್ಟೇನಾ?" ಎಂದಳಂತೆ. ಆಮೇಲೆ ಯಜಮಾನರ ಕಡೆ ತಿರುಗಿ, "ಕೆಳಗಿನ ಕೋಣೆ ಬೀಗದ ಕೈ ಕೊಡಿ" ಎಂದಳು. "ನಾನು ಇಳಿದಾಗಿದೆ. ಇನ್ನು ಹತ್ತೋಕೆ ಈ ಕಾಲಲ್ಲಿ ಆಗಲ್ಲ. ಕೈ ಕೊಡದಿದ್ರೆ ಇಲ್ಲೇ ನಿಮ್ಮ ಬಾಗಿಲಲ್ಲೇ ಕೂತಿರ್ತೀನಿ."

"ಅಲ್ಲಮ್ಮಾ, ಹಾಗಾದ್ರೆ ಮೇಲೆ ಯಾರು?"

ಉತ್ತರ ಕೊಟ್ಟವರು ಭಾವ, ಮೆಟ್ಟಿಲ ಮೇಲಿಂದಲೇ. "ನಾನಿರ್ತೀನಿ ಸಾರ್. ಹೊರಗೆ ಹೋಗಲ್ಲ. ಅವಳಿಗೆ ಬೀಗದ ಕೈ ಕೊಟ್ಬಿಡಿ."

ಈಗ ಅಕ್ಕ ಕೆಳಗಿದ್ದಾಳೆ. ಹಳದಿ ಪರದೆ ಕಿಟಕಿಗೆ ಸರಿಯಾಗಿ ಕೂತಿದೆ. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಾಳೆ, ಬೀದಿಯವರ ಮುಖಗಳೆಲ್ಲ ಗೊತ್ತಾಗಿವೆ, ತರಕಾರಿಯವನ ಜೊತೆ ಜಗಳವನ್ನೂ ಶುರುಮಾಡಿದ್ದಾಳೆ. ಭಾವ ಮೇಲಿದ್ದಾರೆ. ಯಜಮಾನರು ಲಿಫ್ಟು ಹತ್ತುವ ಮೊದಲು ಗಂಟೆ ಒತ್ತುತ್ತಾರೆ. ಮೇಲಿನಿಂದ "ಇದ್ದೀನಿ ಸಾರ್" ಎಂದು ಕೇಳಿದರೆ ಮಾತ್ರ ಕಾಲಿಡುತ್ತಾರೆ. ಅವರು ಮಧ್ಯಾಹ್ನ ಮಲಗಿದಾಗ ಭಾವ ಓಡಿ ಇಳಿದು ಬಂದು ಅಕ್ಕನ ಪಕ್ಕ ಒಂದಿಷ್ಟು ಹೊತ್ತು ಕೂತು, ಗಡಿಯಾರ ನೋಡಿಕೊಂಡು ಓಡಿ ಹತ್ತುತ್ತಾರೆ. ಉಳಿದ ಹೊತ್ತೆಲ್ಲ ನೆಲದಡಿಯಿಂದ ಮಷೀನಿನ ಗಂಟೆ ಕೇಳುತ್ತಾ ಇರುತ್ತಾರೆ. ಯಾವ ಕಾಯಿಲ್ ಸೋಲುತ್ತಿದೆ ಎಂದು ಅಲ್ಲಿಂದಲೇ ಹೇಳುತ್ತಾರೆ. ಕೇಳುವವರು ಯಾರಿದ್ದಾರೆ, ನಾನು ಹೋದ ದಿನ ನಾನು.

"ಎದುರುತೂಕ ಅಂದ್ರೆ ಹಂಗೇ ಅಲ್ವಾ" ಎಂದರು ಮೊನ್ನೆ, ನಗುತ್ತಾ. "ಒಂದು ಇಳೀಬೇಕಾದ್ರೆ ಇನ್ನೊಂದು ಹತ್ತಬೇಕು."

ಅಂದು ಸಂಜೆ ಅಕ್ಕ ಊಟದ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ, ಕುಂಟುತ್ತಾ ಬಂದು, ಖಾಲಿ ಲಿಫ್ಟಿನ ನೆಲದ ಮೇಲಿಟ್ಟಳು. ಮೇಲಿನ ಮಹಡಿಯ ಬಟನ್ ಒತ್ತಿ, ಗೇಟನ್ನು ಮೆಲ್ಲಗೆ, ಒಂದು ಚೂರೂ ಅಲುಗದ ಹಾಗೆ ಎಳೆದು ಮುಚ್ಚಿದಳು. ಡಬ್ಬಿ ಮೇಲೆ ಹೋಯಿತು. ಅವಳು ಬಾವಿಯೊಳಗೆ ಕತ್ತೆತ್ತಿ ಕೂಗಿದಳು: "ರೀ, ಬಿಸಿ ಇದೆ, ಆರೋದ್ರೊಳಗೆ ತಿನ್ನಿ. ಇದ್ದೀರಾ?"

ಬಾವಿಯೊಳಗಿಂದ ಭಾವನ ದನಿ ಇಳಿದು ಬಂತು.

"ಇಲ್ಲೇ ಇದ್ದೀನಿ ಕಣೇ. ನಾನೆಲ್ಲಿಗೆ ಹೋಗ್ತೀನಿ?"

ಅಕ್ಕ ಗೇಟಿನ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ. ಲಿಫ್ಟು ಮೇಲೆ ನಿಂತು ರಿಲೇ ಟಕ್ ಎನ್ನುವುದನ್ನು ಕೇಳಲು ಕಾಯುತ್ತಿದ್ದಳು. ಕೆಳಗಿನವರೆಗೆ ಆ ಸದ್ದು ಬರುವುದಿಲ್ಲ.